ಕಣ್ಣನ್ನು ಮುಟ್ಟದೆ ರೆಟಿನಾದ ಪದರಗಳನ್ನು ನೋಡುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ 62 ವರ್ಷ, ಹತ್ತು ವರ್ಷದಿಂದ ಶುಗರ್ ಇದೆ. ಈಚೆಗೆ ಕಣ್ಣು ತೋರಿಸಲು ಹೋದಾಗ ಎರಡು ಯಂತ್ರಗಳ ಮುಂದೆ ಕೂರಿಸಿದರು. ಗದ್ದ ಇಟ್ಟು, ಹಣೆ ಒತ್ತಿ, ಒಳಗಿರುವ ಗುರುತನ್ನೇ ನೋಡಿ ಅಂದರು, ಅಷ್ಟೇ. ಕಣ್ಣಿಗೆ ಏನೂ ತಾಗಲಿಲ್ಲ. ಕೊನೆಗೆ ಎರಡು ಚಿತ್ರ ಕೊಟ್ಟರು. ಒಂದು ಕಿತ್ತಳೆ ಬಣ್ಣದ ದುಂಡನೆಯ ಫೋಟೋ. ಇನ್ನೊಂದರಲ್ಲಿ ರೆಟಿನಾವನ್ನು ಕೊಯ್ದು ಪಕ್ಕದಿಂದ ನೋಡಿದ ಹಾಗೆ ಪದರ ಪದರ ಕಾಣುತ್ತದೆ. ಮುಟ್ಟದೆ, ಕೊಯ್ಯದೆ ಇದು ಹೇಗೆ ಸಾಧ್ಯ? ಇದೂ ಎಕ್ಸ್‌ರೇ ತರಹದ್ದೇನಾ? ಮತ್ತೆ ಮತ್ತೆ ಮಾಡಿಸಿದರೆ ತೊಂದರೆ ಇಲ್ವಾ? ರಿಪೋರ್ಟಿನ ಒಂದು ಮೂಲೆಯಲ್ಲಿ ಕೆಂಪು ಬಂದಿದೆ. ಹೆದರಬೇಕಾ?

ಉತ್ತರ: ನಿಮ್ಮ ಆತಂಕಕ್ಕೆ ಮೊದಲು ಉತ್ತರ ಕೊಡುತ್ತೇನೆ. ಇದು ಎಕ್ಸ್‌ರೇ ಅಲ್ಲ. ಎರಡೂ ಚಿತ್ರಗಳು ಬರೀ ಬೆಳಕಿನಿಂದ ಆದವು. ಮತ್ತೆ ಮತ್ತೆ ಮಾಡಿಸಬಹುದು. ಕೆಂಪು ಬಂದ ಮಾತ್ರಕ್ಕೆ ಕಾಯಿಲೆ ಇದೆ ಅಂತಲ್ಲ, ಅದನ್ನು ಓದುವ ಬಗೆ ಬೇರೆ ಇದೆ, ಕೆಳಗೆ ಹೇಳುತ್ತೇನೆ. ನಾನು ವೈದ್ಯನಲ್ಲ. ಇಂಥ ಯಂತ್ರಗಳ ಬೆಳಕಿನ ಭಾಗದ ಮೇಲೆ ಕೆಲಸ ಮಾಡುವವನು. ಅಮ್ಮನ ಚಿಕಿತ್ಸೆಯ ಮಾತನ್ನು ಅವರ ವೈದ್ಯರೇ ಹೇಳಬೇಕು. ಆ ಚಿತ್ರ ಹೇಗೆ ಹುಟ್ಟಿತು, ಅದನ್ನು ಎಷ್ಟು ನಂಬಬಹುದು ಅನ್ನುವುದನ್ನು ಮಾತ್ರ ನಾನು ಹೇಳಬಲ್ಲೆ.

ಒಂದು ಸಣ್ಣ ವಿಷಯದಿಂದ ಶುರು ಮಾಡೋಣ. ಕಣ್ಣಿನ ಪಾಪೆ ಯಾಕೆ ಕಪ್ಪಗಿದೆ? ಅದು ಒಂದು ಕಿಂಡಿ, ಒಳಗೆ ಬೆಳಕು ಹೋಗುತ್ತದೆ. ಹೋದ ಬೆಳಕಿನಲ್ಲಿ ಒಂದು ಚೂರು ರೆಟಿನಾಕ್ಕೆ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರಕ್ಕೆ, ತಾಗಿ ಹಿಂದಕ್ಕೂ ಬರುತ್ತದೆ. ಆದರೆ ಕಣ್ಣಿನ ಲೆನ್ಸ್ ಆ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತದೆ. ದೀಪದಿಂದ ಬಂದದ್ದು ದೀಪಕ್ಕೇ ಹೋಗುತ್ತದೆ. ಅದನ್ನು ನೋಡಬೇಕಾದರೆ ನಿಮ್ಮ ತಲೆ ದೀಪ ಇರುವ ಜಾಗದಲ್ಲೇ ಇರಬೇಕು. ಆಗ ತಲೆಯೇ ಬೆಳಕಿಗೆ ಅಡ್ಡ ಬರುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋಗಳಲ್ಲಿ ಕಣ್ಣು ಕೆಂಪಗೆ ಹೊಳೆಯುವುದನ್ನು ನೋಡಿದ್ದೀರಲ್ವಾ? ಅಲ್ಲಿ ಫ್ಲ್ಯಾಶ್ ಕ್ಯಾಮೆರಾದ ಲೆನ್ಸಿಗೆ ತೀರಾ ಹತ್ತಿರ ಇರುತ್ತದೆ. ಹಾಗಾಗಿ ವಾಪಸ್ ಬಂದ ಬೆಳಕು ಲೆನ್ಸಿಗೆ ಸಿಕ್ಕಿಬಿಡುತ್ತದೆ. ಆ ಕೆಂಪು ಬೇರೇನಲ್ಲ, ಕಣ್ಣಿನ ಹಿಂಭಾಗದ ನಿಜವಾದ ಬಣ್ಣ, ರಕ್ತ ತುಂಬಿದ ಪದರದ ಬಣ್ಣ.

ರೆಟಿನಾ ನೋಡುವ ಇಡೀ ವಿದ್ಯೆ ಈ ಒಂದೇ ತೊಡಕಿನ ಸುತ್ತ ಬೆಳೆದಿದೆ. ಒಳಗೆ ಹೋಗಲು, ಹೊರಗೆ ಬರಲು ಇರುವುದು ಒಂದೇ ಬಾಗಿಲು. ಅದೂ ಕೆಲವೇ ಮಿಲಿಮೀಟರ್ ಅಗಲ. 1850ರ ಕೊನೆಯಲ್ಲಿ ಜರ್ಮನಿಯ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಇದಕ್ಕೊಂದು ಸರಳ ದಾರಿ ಕಂಡುಹಿಡಿದರು. ದೀಪವನ್ನು ಪಕ್ಕಕ್ಕಿಟ್ಟು, ಓರೆಯಾಗಿ ಹಿಡಿದ ಗಾಜಿನ ತುಂಡುಗಳಿಂದ ಬೆಳಕನ್ನು ರೋಗಿಯ ಕಣ್ಣೊಳಗೆ ತಿರುಗಿಸಿದರು. ವಾಪಸ್ ಬಂದ ಬೆಳಕಿನಲ್ಲಿ ಒಂದು ಪಾಲು ಅದೇ ಗಾಜನ್ನು ದಾಟಿ ಅವರ ಕಣ್ಣಿಗೆ ಬಂತು. ಬದುಕಿರುವ ಮನುಷ್ಯನ ರೆಟಿನಾ ವೈದ್ಯರಿಗೆ ಸ್ಪಷ್ಟವಾಗಿ ಕಾಣತೊಡಗಿದ್ದು ಆಗ. 1851ರಲ್ಲಿ ಅವರು ಇದನ್ನು ಪ್ರಕಟಿಸಿದರು. ಅಮ್ಮನ ಮುಂದಿದ್ದ ಯಂತ್ರಗಳ ಒಳಗೂ ಅದೇ ಓರೆ ಗಾಜಿನ ಉಪಾಯ ಬೇರೆ ಬೇರೆ ವೇಷದಲ್ಲಿ ಇರುತ್ತದೆ.

ಈಗ ನಿಮ್ಮ ಕಿತ್ತಳೆ ಫೋಟೋ. ಅದನ್ನು ತೆಗೆಯುವುದು ಫಂಡಸ್ ಕ್ಯಾಮೆರಾ. ಫಂಡಸ್ ಅಂದರೆ ಕಣ್ಣಿನ ಒಳಗಿನ ಹಿಂಭಾಗ. ಕಣ್ಣಿನ ಮುಂದಿನ ಗಾಜಿನಂಥ ಭಾಗ ಕಾರ್ನಿಯಾ. ಅದು ಕನ್ನಡಿಯ ಹಾಗೆ ಹೊಳೆಯುತ್ತದೆ. ರೆಟಿನಾದಿಂದ ಬರುವ ಬೆಳಕು ಬಹಳ ಮಂದ, ಕಾರ್ನಿಯಾದ ಹೊಳಪಿನಲ್ಲಿ ಅದು ಮುಳುಗಿಹೋಗಬಹುದು. ಅದಕ್ಕೆ ಕ್ಯಾಮೆರಾ ಬೆಳಕನ್ನು ಬಳೆಯ ಆಕಾರದಲ್ಲಿ ಒಳಗೆ ಬಿಡುತ್ತದೆ. ಪಾಪೆಯ ಅಂಚಿನಿಂದ ಬೆಳಕು ಒಳಗೆ ಹೋಗುತ್ತದೆ, ಬಳೆಯ ನಡುವಿನ ಖಾಲಿ ಜಾಗದಿಂದ ಹೊರಗೆ ಬರುತ್ತದೆ. ಒಂದೇ ಬಾಗಿಲನ್ನು ಹೋಗುವವರಿಗೆ ಬೇರೆ, ಬರುವವರಿಗೆ ಬೇರೆ ಅಂತ ಪಾಲು ಮಾಡಿದ ಹಾಗೆ. ಫೋಟೋದ ಅಂಚಿನಲ್ಲಿ ಬಿಳಿ ಮಂಜಿನ ಹಾಗೆ ಕಂಡರೆ ಹೆಚ್ಚಿನ ಸಲ ಕಾರಣ ಇಷ್ಟೇ: ಗದ್ದ ಸ್ವಲ್ಪ ಜರುಗಿ ಆ ಬಳೆ ಪಾಪೆಯ ಅಂಚಿಗೆ ತಾಗಿರುತ್ತದೆ.

1886ರಲ್ಲಿ ಜಾಕ್‌ಮನ್ ಮತ್ತು ವೆಬ್‌ಸ್ಟರ್ ಎಂಬ ಇಬ್ಬರು ಬದುಕಿರುವ ಕಣ್ಣಿನ ರೆಟಿನಾದ ಫೋಟೋ ತೆಗೆದಾಗ ಎರಡೂವರೆ ನಿಮಿಷ ಬೆಳಕು ಬಿಡಬೇಕಾಗಿತ್ತು. ಎರಡೂವರೆ ನಿಮಿಷ ಕಣ್ಣು ಅಲ್ಲಾಡದೆ ಕೂರುವುದು ಯಾರಿಂದಲೂ ಆಗದ ಕೆಲಸ. ನಾವು ದಿಟ್ಟಿಸಿ ನೋಡುತ್ತಿದ್ದೇವೆ ಅಂದುಕೊಂಡಾಗಲೂ ಕಣ್ಣು ಸಣ್ಣಗೆ ನಡುಗುತ್ತಾ, ಆಗಾಗ ಚಿಮ್ಮುತ್ತಾ ಇರುತ್ತದೆ. ಈಗಿನ ಫ್ಲ್ಯಾಶ್ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ.

ಡ್ರಾಪ್ಸ್ ಹಾಕದೆಯೇ ಫೋಟೋ ತೆಗೆದಿದ್ದರೆ ಇನ್ನೊಂದು ಸಂಗತಿ ಗಮನಿಸಿರಬಹುದು. ಮೊದಲ ಕಣ್ಣು ಬೇಗ ಆಯ್ತು, ಎರಡನೇ ಕಣ್ಣಿಗೆ ಸ್ವಲ್ಪ ಹೊತ್ತು ಕಾಯಿಸಿದರು, ಅಲ್ವಾ? ಇಂಥ ಕ್ಯಾಮೆರಾ ಫೋಕಸ್ ಮಾಡಿಕೊಳ್ಳುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ. ಕಾಣದ ಬೆಳಕಿಗೆ ಪಾಪೆ ಕುಗ್ಗುವುದಿಲ್ಲ. ಫ್ಲ್ಯಾಶ್ ಬಿದ್ದ ಕೂಡಲೇ ಮಾತ್ರ ಎರಡೂ ಪಾಪೆಗಳು ಒಟ್ಟಿಗೇ ಕುಗ್ಗುತ್ತವೆ. ಬೆಳಕು ಬಿದ್ದದ್ದು ಒಂದೇ ಕಣ್ಣಿಗೆ ಆದರೂ ಅಷ್ಟೇ. ಅವು ಮತ್ತೆ ಅಗಲವಾಗುವ ತನಕ ಕತ್ತಲಲ್ಲಿ ಸುಮ್ನೆ ಕಾಯಬೇಕು. ವಯಸ್ಸಾದವರಲ್ಲಿ, ಜಾಸ್ತಿ ವರ್ಷದಿಂದ ಶುಗರ್ ಇದ್ದವರಲ್ಲಿ ಪಾಪೆ ಸಣ್ಣದಾಗಿಯೇ ಇರುವುದು ಮಾಮೂಲು. ಅಂಥವರಿಗೆ ಡ್ರಾಪ್ಸ್ ಹಾಕಿ ಅಗಲ ಮಾಡುವುದೇ ಒಳ್ಳೆಯದು.

ಈ ಫೋಟೋದಲ್ಲಿ ರಕ್ತದ ಚುಕ್ಕೆ, ಹಳದಿ ಕಲೆ, ರಕ್ತನಾಳದ ಉಬ್ಬು ಕಾಣುತ್ತವೆ. ಕಾಣದೇ ಇರುವುದು ದಪ್ಪ. ರೆಟಿನಾ ಊದಿಕೊಂಡಿದೆಯೋ ಇಲ್ಲವೋ ಎಂದು ಎದುರಿನಿಂದ ತೆಗೆದ ಒಂದು ಫೋಟೋ ನೋಡಿ ಹೇಳುವುದು ಕಷ್ಟ. ಅದಕ್ಕೇ ಎರಡನೇ ಯಂತ್ರ. ಅದರ ಹೆಸರು ಓಸಿಟಿ, ಪೂರ್ತಿ ಹೇಳಿದರೆ ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಪ್ರೀತಿ ಇರುವ ಯಂತ್ರವೂ ಇದೇ, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಹೊಟ್ಟೆಯ ಸ್ಕ್ಯಾನ್ ಗೊತ್ತಲ್ಲ. ಅಲ್ಲಿ ಶಬ್ದವನ್ನು ಒಳಗೆ ಕಳಿಸಿ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಬಂತು ಎಂದು ಅಳೆದು ಆಳ ಕಂಡುಕೊಳ್ಳುತ್ತಾರೆ. ಓಸಿಟಿ ಅದೇ ಕೆಲಸವನ್ನು ಬೆಳಕಿನಿಂದ ಮಾಡುತ್ತದೆ. ಆದರೆ ಬೆಳಕಿನ ವೇಗ ವಿಪರೀತ. ರೆಟಿನಾದ ಪದರಗಳ ನಡುವೆ ಇರುವ ಅಂತರ ಸುಮಾರು ಹತ್ತು ಮೈಕ್ರಾನ್ ಅಂದುಕೊಳ್ಳಿ, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಪಾಲು. ಅಷ್ಟು ದೂರವನ್ನು ಬೆಳಕು ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದಕ್ಕಿಂತಲೂ ಎಷ್ಟೋ ಕಡಿಮೆ ಹೊತ್ತಿನಲ್ಲಿ ದಾಟಿಬಿಡುತ್ತದೆ. ಅದನ್ನು ನೇರವಾಗಿ ಅಳೆಯುವ ಗಡಿಯಾರ ಯಾವ ಎಲೆಕ್ಟ್ರಾನಿಕ್ಸ್‌ನಲ್ಲೂ ಇಲ್ಲ. ಹಾಗಾಗಿ ಗಡಿಯಾರವನ್ನೇ ಬಿಟ್ಟು ಬೇರೆ ಹಾದಿ ಹಿಡಿದರು. ಬೆಳಕನ್ನು ಬೆಳಕಿನ ಜೊತೆಗೇ ಹೋಲಿಸಿದರು.

ಒಂದು ಕಿರಣವನ್ನು ಎರಡು ಮಾಡಿ. ಒಂದನ್ನು ಕಣ್ಣಿನೊಳಗೆ ಕಳಿಸಿ, ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೆ. ಎರಡೂ ವಾಪಸ್ ಬಂದು ಸೇರಲಿ. ಇದನ್ನು ಹೀಗೆ ಊಹಿಸಿಕೊಳ್ಳಿ. ಎರಡು ತಂಡಗಳು ಒಂದೇ ಸಲ ಹೊರಟು, ಬೇರೆ ಬೇರೆ ದಾರಿಯಲ್ಲಿ ಹೋಗಿ ಮತ್ತೆ ಒಂದು ಕಡೆ ಸೇರುತ್ತವೆ. ಎಲ್ಲರದೂ ಒಂದೇ ಅಳತೆಯ ಹೆಜ್ಜೆ ಆಗಿದ್ದರೆ ಒಂದು ದಾರಿ ಒಂದು ಹೆಜ್ಜೆಯಷ್ಟು ಉದ್ದ ಇದ್ದರೂ, ಹತ್ತು ಹೆಜ್ಜೆಯಷ್ಟು ಉದ್ದ ಇದ್ದರೂ ಕೊನೆಯಲ್ಲಿ ಹೆಜ್ಜೆ ಕೂಡುತ್ತದೆ. ಎಷ್ಟು ಉದ್ದ ಅಂತ ಗೊತ್ತಾಗುವುದಿಲ್ಲ. ಮಾಮೂಲಿ ಲೇಸರ್ ಹೀಗೆ. ಆದರೆ ಪ್ರತಿ ತಂಡದಲ್ಲೂ ಬೇರೆ ಬೇರೆ ಅಳತೆಯ ಹೆಜ್ಜೆ ಹಾಕುವವರು ಬೆರೆತಿದ್ದರೆ? ಎರಡೂ ದಾರಿಗಳು ಸರಿಸಮ ಇದ್ದಾಗ ಮಾತ್ರ ಎಲ್ಲರ ಹೆಜ್ಜೆ ಒಟ್ಟಿಗೆ ಕೂಡುತ್ತದೆ. ಚೂರು ಹೆಚ್ಚುಕಮ್ಮಿ ಆದರೂ ಎಲ್ಲ ಚೆಲ್ಲಾಪಿಲ್ಲಿ. ಓಸಿಟಿಯಲ್ಲಿ ಬೇಕೆಂದೇ ಹಲವು ಅಲೆಗಳು ಬೆರೆತ ಬೆಳಕು ಬಳಸುತ್ತಾರೆ. ಬೆರಕೆ ಜಾಸ್ತಿ ಆದಷ್ಟೂ ಆಳದ ಅಳತೆ ನಿಖರ. ಕನ್ನಡಿಯನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಯಾವ ದೂರದಲ್ಲಿ ಹೆಜ್ಜೆ ಕೂಡಿತೋ ಕಣ್ಣಿನೊಳಗೆ ಅಷ್ಟೇ ದೂರದಲ್ಲಿ ಒಂದು ಪದರ ಇದೆ ಎಂದರ್ಥ.

ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಫುಜಿಮೊಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಅವರ ಜೊತೆಗಾರರು ಇದನ್ನು 1991ರಲ್ಲಿ ಪ್ರಕಟಿಸಿದರು. ಆಗಿನ ರೆಟಿನಾ ಚಿತ್ರ ದೇಹದಿಂದ ಬೇರ್ಪಡಿಸಿದ ಕಣ್ಣಿನದು. ಬದುಕಿರುವ ಕಣ್ಣಿನ ಚಿತ್ರಗಳು 1993ರಲ್ಲಿ ಬಂದವು. ಶುರುವಿನ ಯಂತ್ರಗಳಲ್ಲಿ ಕನ್ನಡಿ ನಿಜವಾಗಿಯೂ ಓಡಾಡುತ್ತಿತ್ತು. ಆ ಬಗೆಯ ಯಂತ್ರಗಳು ಚೆನ್ನಾಗಿ ಪಳಗಿದ ಮೇಲೂ ಸೆಕೆಂಡಿಗೆ 400 ಗೆರೆಗಳಷ್ಟನ್ನೇ ಓದುತ್ತಿದ್ದವು. ಒಂದು ಗೆರೆ ಅಂದರೆ ಒಂದು ಬಿಂದುವಿನ ನೇರಕ್ಕೆ ಇರುವ ಎಲ್ಲ ಆಳಗಳ ಅಳತೆ. ಅಷ್ಟರಲ್ಲಿ ಕಣ್ಣು ಅಲ್ಲಾಡಿ ಚಿತ್ರ ಅಲೆ ಅಲೆಯಾಗುತ್ತಿತ್ತು. ಆಮೇಲೆ ಕನ್ನಡಿಯನ್ನು ನಿಲ್ಲಿಸಿಯೇಬಿಟ್ಟರು. ವಾಪಸ್ ಬಂದ ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿದರೆ ಆ ಬಣ್ಣದ ಪಟ್ಟಿಯಲ್ಲೇ ಸಣ್ಣ ಸಣ್ಣ ಏರಿಳಿತಗಳು ಕಾಣುತ್ತವೆ. ದೂರದ ಪದರದಿಂದ ಬಂದದ್ದು ಒತ್ತೊತ್ತಾದ ಏರಿಳಿತ ಕೊಡುತ್ತದೆ, ಹತ್ತಿರದ್ದು ಬಿಡಿ ಬಿಡಿಯಾದದ್ದನ್ನು ಕೊಡುತ್ತದೆ. ಗಣಿತ ಅವನ್ನು ಬೇರ್ಪಡಿಸಿ ಎಲ್ಲ ಆಳಗಳನ್ನೂ ಒಂದೇ ಏಟಿಗೆ ಹೇಳುತ್ತದೆ. ಈಗ ಆಸ್ಪತ್ರೆಗಳಲ್ಲಿರುವ ಯಂತ್ರಗಳು ಸೆಕೆಂಡಿಗೆ ಹತ್ತಾರು ಸಾವಿರ ಗೆರೆ ಓದುತ್ತವೆ. ಆಳದಲ್ಲಿ ಸುಮಾರು 5 ಮೈಕ್ರಾನ್ ಅಂತರವನ್ನೂ ಗುರುತಿಸುತ್ತವೆ.

ಸ್ಕ್ಯಾನ್ ಆಗುವಾಗ ಒಂದು ಮಂಕಾದ ಕೆಂಪು ಗೆರೆ ಓಡಾಡಿತು ಅಂತ ಅಮ್ಮ ಹೇಳಿದರಾ? ಅನೇಕರು ಹೇಳುತ್ತಾರೆ. ಈ ಬೆಳಕು ಸಾಮಾನ್ಯವಾಗಿ 840 ನ್ಯಾನೋಮೀಟರ್ ಆಸುಪಾಸಿನದು, ಇನ್‌ಫ್ರಾರೆಡ್. ಕಾಣಬಾರದು ಅಂತ ಪುಸ್ತಕ ಹೇಳುತ್ತದೆ. ಆದರೆ ಕಣ್ಣು ಅಲ್ಲಿಗೇ ಪೂರ್ತಿ ಕುರುಡಾಗುವುದಿಲ್ಲ. ಹಾಗಾಗಿ ಒಂದು ಎಳೆಯಷ್ಟು ಕೆಂಪಗೆ ತೋರುತ್ತದೆ. ರೋಗಿಗೆ ಕಂಡ ಆ ಗೆರೆಯೇ ಆ ಕ್ಷಣದಲ್ಲಿ ಅಳತೆ ಮಾಡುತ್ತಿರುವ ಬೆಳಕು.

ಇದರಿಂದ ತೊಂದರೆ ಇದೆಯಾ ಅಂದಿರಿ. ಈ ಕಿರಣದ ಶಕ್ತಿ ಸಾಮಾನ್ಯವಾಗಿ ಒಂದು ಮಿಲಿವ್ಯಾಟಿಗಿಂತ ಕಡಿಮೆ, ಮತ್ತು ಅದು ಒಂದೇ ಕಡೆ ನಿಲ್ಲದೆ ಓಡುತ್ತಾ ಇರುತ್ತದೆ. ಎಕ್ಸ್‌ರೇ ಹಾಗೆ ಅಣುಗಳನ್ನು ಒಡೆಯುವ ಬಲ ಇದಕ್ಕಿಲ್ಲ. ಕಣ್ಣಿಗೆ ಎಷ್ಟು ಬೆಳಕು ಬಿಡಬಹುದು ಅನ್ನುವುದಕ್ಕೆ ಅಂತಾರಾಷ್ಟ್ರೀಯ ಮಿತಿಗಳಿವೆ, ಯಂತ್ರಗಳು ಅದರೊಳಗೇ ಕೆಲಸ ಮಾಡಬೇಕು. ವರ್ಷಕ್ಕೆ ನಾಲ್ಕು ಸಲ ಮಾಡಿಸಿದರೂ ಚಿಂತೆ ಇಲ್ಲ. ಫಂಡಸ್ ಕ್ಯಾಮೆರಾದ ಫ್ಲ್ಯಾಶ್ ಆದಮೇಲೆ ಸ್ವಲ್ಪ ಹೊತ್ತು ಬಣ್ಣದ ಕಲೆ ಕಾಣುವುದು ಸಹಜ. ಡ್ರಾಪ್ಸ್ ಹಾಕಿದ ದಿನ ಕೆಲವು ಗಂಟೆ ಹತ್ತಿರದ್ದು ಮಸುಕಾಗುತ್ತದೆ, ಬಿಸಿಲು ಕುಕ್ಕುತ್ತದೆ, ಅವತ್ತು ಗಾಡಿ ಓಡಿಸಬೇಡಿ.

ಆ ಪದರದ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿ ಈಗ. ನಡುವೆ ಒಂದು ತಗ್ಗು ಇದೆ, ಕಣಿವೆಯ ಹಾಗೆ. ಅದು ಫೋವಿಯಾ, ಓದಲು, ಮುಖ ಗುರುತಿಸಲು ನಾವು ಬಳಸುವ ಜಾಗ. ತಗ್ಗು ಇರುವುದೇ ಸರಿ, ಇಲ್ಲದಿದ್ದರೆ ಯೋಚಿಸಬೇಕು. ಆದರೆ ಚಿತ್ರದಲ್ಲಿ ಕಾಣುವಷ್ಟು ಕಡಿದಾಗಿ ಅದು ಇರುವುದಿಲ್ಲ. ಪದರಗಳು ಚೆನ್ನಾಗಿ ಕಾಣಲಿ ಅಂತ ಇಂಥ ಚಿತ್ರಗಳನ್ನು ಹೆಚ್ಚಾಗಿ ಎತ್ತರದ ದಿಕ್ಕಿನಲ್ಲಿ ಎಳೆದು ತೋರಿಸುತ್ತಾರೆ. ನಿಜವಾದ ತಗ್ಗು ಸುಮಾರು ಒಂದೂವರೆ ಮಿಲಿಮೀಟರ್ ಅಗಲ, ಆಳ ಮಿಲಿಮೀಟರಿನ ಹತ್ತರಲ್ಲಿ ಒಂದರಷ್ಟು. ತಟ್ಟೆಯ ಹಾಗೆ ಹೆಚ್ಚು ಆಳ ಇಲ್ಲದ ತಗ್ಗು. ಇಡೀ ರೆಟಿನಾದ ದಪ್ಪವೇ ಸುಮಾರು ಕಾಲು ಮಿಲಿಮೀಟರ್. ಇದು ಗೊತ್ತಿಲ್ಲದೆ ಸಣ್ಣ ಉಬ್ಬನ್ನು ಬೆಟ್ಟ ಅಂದುಕೊಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ.

ಬಣ್ಣಗಳೂ ನಿಜವಲ್ಲ. ಯಂತ್ರಕ್ಕೆ ಗೊತ್ತಿರುವುದು ಎಲ್ಲಿಂದ ಎಷ್ಟು ಬೆಳಕು ಬಂತು ಅನ್ನುವುದು ಮಾತ್ರ. ಜಾಸ್ತಿ ಬಂದ ಕಡೆ ಕೆಂಪು, ಬಿಳಿ, ಕಡಿಮೆ ಬಂದ ಕಡೆ ನೀಲಿ, ಕಪ್ಪು ಅಂತ ಅದೇ ಹಚ್ಚುತ್ತದೆ. ನನಗೆ ಕಪ್ಪು ಬಿಳುಪಿನ ಪ್ರಿಂಟೇ ಇಷ್ಟ, ಅದರಲ್ಲಿ ಸಣ್ಣ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಶುಗರ್ ಇದ್ದವರಲ್ಲಿ ವೈದ್ಯರು ಮುಖ್ಯವಾಗಿ ಹುಡುಕುವುದು ಪದರಗಳ ನಡುವಿನ ಕಪ್ಪು ಗುಳ್ಳೆಗಳನ್ನು. ಸೋರಿದ ನೀರು ಬೆಳಕನ್ನು ವಾಪಸ್ ಕಳಿಸುವುದಿಲ್ಲ, ಹಾಗಾಗಿ ಕಪ್ಪು. ರಕ್ತನಾಳದ ಕೆಳಗೆ ನೆರಳಿನ ಪಟ್ಟಿ ಬೀಳುತ್ತದೆ, ಅದು ದೋಷವಲ್ಲ.

ಇನ್ನು ನಿಮ್ಮ ಕೆಂಪು ಮೂಲೆ. ಹಸಿರು, ಹಳದಿ, ಕೆಂಪು ಇರುವ ಆ ನಕ್ಷೆ ಚಿತ್ರವಲ್ಲ, ಹೋಲಿಕೆ. ಯಂತ್ರದೊಳಗೆ ಆರೋಗ್ಯವಾಗಿರುವ ಒಂದಿಷ್ಟು ಜನರ ಅಳತೆಗಳಿವೆ. ಅಮ್ಮನ ರೆಟಿನಾದ ದಪ್ಪ ಅವರಲ್ಲಿ ಬಹುಪಾಲು ಜನರಿಗಿಂತ ತುಂಬಾ ಬೇರೆ ಇದ್ದರೆ ಕೆಂಪು ಬರುತ್ತದೆ. ಯಾಕೆ ಬೇರೆ ಅಂತ ಅದಕ್ಕೆ ಗೊತ್ತಿಲ್ಲ. ಜಾಸ್ತಿ ಮೈನಸ್ ಪವರ್ ಇರುವವರ ಕಣ್ಣು ಉದ್ದ ಇರುತ್ತದೆ, ಅವರಲ್ಲಿ ಕಾಯಿಲೆ ಇಲ್ಲದೆಯೂ ಕೆಂಪು ಬರುವುದು ಬಹಳ ಸಾಮಾನ್ಯ. ಕಣ್ಣಿನ ಪೊರೆ ಇದ್ದು ಬೆಳಕು ಮಂದ ಆಗಿದ್ದರೂ ಬರಬಹುದು. ಸ್ಕ್ಯಾನಿನ ನಡುವೆ ರೆಪ್ಪೆ ಬಡಿದರೆ ಆ ಪಟ್ಟಿಯಲ್ಲಿ ಮಾಹಿತಿಯೇ ಇರುವುದಿಲ್ಲ.

ನಾನೇ ಒಮ್ಮೆ ಇದರಲ್ಲಿ ಎಡವಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಬಂದಾಗ ಒಂದು ಯಂತ್ರ ಪರೀಕ್ಷಿಸಲು ನನ್ನದೇ ಕಣ್ಣಿನ ಸ್ಕ್ಯಾನ್ ತೆಗೆದೆ. ನಕ್ಷೆಯ ಮೇಲ್ಭಾಗ ಪೂರ್ತಿ ಕೆಂಪು. ಎರಡು ದಿನ ನಿದ್ದೆ ಬರಲಿಲ್ಲ. ಮೂರನೇ ದಿನ ಮೂಲ ಪದರದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ರೆಟಿನಾದ ಅಂಚು ಇದು ಅಂತ ಸಾಫ್ಟ್‌ವೇರ್ ಒಂದು ಗೆರೆ ಎಳೆಯುತ್ತದೆ. ಆ ಗೆರೆ ನಡುವೆ ಎಲ್ಲೋ ಜಾರಿ ಕೆಳಗಿನ ಪದರಕ್ಕೆ ಅಂಟಿಕೊಂಡಿತ್ತು. ಕಾರಣ ಒಣಗಿದ ಕಣ್ಣು. ತುಂಬಾ ಹೊತ್ತು ರೆಪ್ಪೆ ಬಡಿಯದೆ ಕೂತಿದ್ದರಿಂದ ಕಾರ್ನಿಯಾದ ಮೇಲಿನ ಕಣ್ಣೀರಿನ ಪೊರೆ ಹರಿದು ಚಿತ್ರ ಮಂಕಾಗಿತ್ತು. ಮತ್ತೆ ಕೂತು, ಎರಡು ಸಲ ಚೆನ್ನಾಗಿ ರೆಪ್ಪೆ ಬಡಿದು ಸ್ಕ್ಯಾನ್ ಮಾಡಿದೆ. ಎಲ್ಲ ಹಸಿರು. ಅಂದಿನಿಂದ ನಕ್ಷೆ ನೋಡುವ ಮೊದಲು ಪದರದ ಚಿತ್ರ ನೋಡುವುದು ನನಗೆ ರೂಢಿ. ನಿಮ್ಮ ಪ್ರಿಂಟಿನಲ್ಲೂ ಸಿಗ್ನಲ್ ಎಷ್ಟು ಗಟ್ಟಿ ಅಂತ ಒಂದು ಅಂಕಿ ಇರುತ್ತದೆ. ಅದು ಕಡಿಮೆ ಇದ್ದರೆ ಕೆಂಪಿನ ಬಗ್ಗೆ ಮಾತಾಡುವ ಮೊದಲು ಇನ್ನೊಂದು ಸ್ಕ್ಯಾನ್ ಮಾಡಿಸಬಹುದಾ ಅಂತ ಕೇಳಿ. ಹಾಗಂತ ಕೆಂಪನ್ನು ತಳ್ಳಿಹಾಕಲೂಬೇಡಿ. ವೈದ್ಯರಿಗೆ ತೋರಿಸಿ, ಪದರದ ಚಿತ್ರದಲ್ಲಿ ಅದೇ ಜಾಗವನ್ನು ತೋರಿಸಲು ಹೇಳಿ.

ಬೆಳಕಿನಿಂದ ಆಗದ ಕೆಲಸಗಳೂ ಇವೆ. ದಟ್ಟ ಪೊರೆ ಬಂದಿದ್ದರೆ, ಕಣ್ಣೊಳಗೆ ರಕ್ತ ತುಂಬಿದ್ದರೆ ಬೆಳಕು ಹೋಗುವುದೂ ಇಲ್ಲ, ಬರುವುದೂ ಇಲ್ಲ. ಆಗ ರೆಪ್ಪೆಯ ಮೇಲೆ ಜೆಲ್ ಹಚ್ಚಿ ಶಬ್ದದ ಸ್ಕ್ಯಾನ್ ಮಾಡುತ್ತಾರೆ, ಅದು ಮುಟ್ಟಿ ಮಾಡುವ ಪರೀಕ್ಷೆ. ಮಾಮೂಲಿ ಫಂಡಸ್ ಫೋಟೋ ರೆಟಿನಾದ ನಡುಭಾಗವನ್ನಷ್ಟೇ ತೋರಿಸುತ್ತದೆ, ಅಂಚು ಅದರಲ್ಲಿ ಬರುವುದಿಲ್ಲ. ಫೋಟೋ ಚೆನ್ನಾಗಿದೆ ಅಂತ ಡ್ರಾಪ್ಸ್ ಹಾಕಿ ನೋಡುವ ತಪಾಸಣೆಯನ್ನು ಬಿಡಬಾರದು ಅನ್ನುವುದು ಇದಕ್ಕೇ. ರಕ್ತನಾಳ ಸೋರುತ್ತಿದೆಯಾ ಎಂದು ನೋಡಲು ಕೈಗೆ ಬಣ್ಣದ ಇಂಜೆಕ್ಷನ್ ಕೊಟ್ಟು ಫೋಟೋ ತೆಗೆಯುವ ವಿಧಾನ 1961ರಿಂದ ಇದೆ. ಈಗ ಇಂಜೆಕ್ಷನ್ ಇಲ್ಲದೆಯೂ ಓಸಿಟಿಯಿಂದಲೇ ರಕ್ತನಾಳದ ಬಲೆಯನ್ನು ಬಿಡಿಸಬಹುದು. ಒಂದೇ ಜಾಗವನ್ನು ಬೇಗ ಬೇಗ ಹಲವು ಸಲ ಸ್ಕ್ಯಾನ್ ಮಾಡಿ, ಯಾವುದು ಬದಲಾಯಿತೋ ಅದು ಹರಿಯುವ ರಕ್ತ ಅಂತ ಗುರುತಿಸುತ್ತಾರೆ. ಸೋರಿಕೆ ಮಾತ್ರ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಹಳೆಯ ವಿಧಾನ ಇನ್ನೂ ಬೇಕು.

ಒಂದು ಮಾತು ಹೇಳದೆ ಇರಲಾರೆ. ದೂರದ ನಕ್ಷತ್ರಗಳನ್ನು ನೋಡುವಾಗ ಗಾಳಿಯಿಂದಾಗುವ ಮಸುಕನ್ನು ಸರಿಮಾಡಲು ಖಗೋಳಶಾಸ್ತ್ರಜ್ಞರು ಬಾಗುವ ಕನ್ನಡಿ ಬಳಸುತ್ತಾರೆ. ಅದನ್ನೇ ತಂದು ಕಣ್ಣಿನ ಲೆನ್ಸಿನ ಸೊಟ್ಟಗಳನ್ನು ಸರಿಮಾಡಿದರೆ? 1997ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಿಲಿಯಮ್ಸ್ ತಂಡ ಇದನ್ನು ಮಾಡಿತು. ಬದುಕಿರುವ ಮನುಷ್ಯನ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಒಂದೊಂದಾಗಿ, ಜೇನುಗೂಡಿನ ಹಾಗೆ ಕಂಡವು. ಎರಡು ವರ್ಷದ ನಂತರ ಅದೇ ಪ್ರಯೋಗಾಲಯದಲ್ಲಿ ಯಾವ ಕೋಶ ಕೆಂಪಿನದು, ಯಾವುದು ಹಸಿರಿನದು, ಯಾವುದು ನೀಲಿಯದು ಎಂದೂ ಗುರುತಿಸಿದರು. ಅವರು ನೋಡಿದ ಇಬ್ಬರಲ್ಲಿ ಕೆಂಪು, ಹಸಿರು ಕೋಶಗಳ ಪ್ರಮಾಣ ತೀರಾ ಬೇರೆ ಬೇರೆ. ಒಬ್ಬರಲ್ಲಿ ಹೆಚ್ಚುಕಡಿಮೆ ಸಮ, ಇನ್ನೊಬ್ಬರಲ್ಲಿ ಕೆಂಪಿನದು ಮೂರೂವರೆ ಪಟ್ಟಿಗಿಂತ ಜಾಸ್ತಿ. ಆದರೂ ಇಬ್ಬರ ಬಣ್ಣದ ದೃಷ್ಟಿಯಲ್ಲೂ ದೋಷ ಇರಲಿಲ್ಲ. ಈ ಯಂತ್ರಗಳು ಇನ್ನೂ ಹೆಚ್ಚಾಗಿ ಪ್ರಯೋಗಾಲಯಗಳಲ್ಲೇ ಇವೆ. ಇವುಗಳಲ್ಲಿ ರಕ್ತಕಣಗಳು ಒಂದರ ಹಿಂದೆ ಒಂದು ನುಸುಳುವುದೂ ಕಾಣುತ್ತದೆ. ಅದನ್ನು ನೀವೂ ನೋಡಬಹುದು. ತಿಳಿಯಾದ ನೀಲಿ ಆಕಾಶವನ್ನು, ಸೂರ್ಯ ಇಲ್ಲದ ಕಡೆ, ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಿರಿ. ಚಿಕ್ಕ ಹೊಳೆಯುವ ಚುಕ್ಕೆಗಳು ಸರಸರ ಓಡುವುದು ಕಾಣುತ್ತದೆ. ಅವು ನಿಮ್ಮದೇ ರೆಟಿನಾದ ಸಣ್ಣ ನಾಳಗಳಲ್ಲಿ ಓಡುವ ಬಿಳಿ ರಕ್ತಕಣಗಳ ಗುರುತು.

ಅಮ್ಮನ ವಿಷಯಕ್ಕೆ ಬಂದರೆ, ಈಗ ಕೊಟ್ಟಿರುವ ಪ್ರಿಂಟುಗಳನ್ನು ಎಸೆಯಬೇಡಿ. ಶುಗರ್ ಇದ್ದವರಲ್ಲಿ ಒಂದು ದಿನದ ಅಳತೆಗಿಂತ ಹೋದ ಸಲಕ್ಕೂ ಈ ಸಲಕ್ಕೂ ಇರುವ ವ್ಯತ್ಯಾಸವೇ ಜಾಸ್ತಿ ಹೇಳುತ್ತದೆ. ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಿ. ರೆಟಿನಾದ ಕೆಳಗಿನ ಅಂಚು ಯಾವುದು ಅಂತ ಎಣಿಸುವುದರಲ್ಲಿ ಎಲ್ಲ ಕಂಪನಿಯ ಯಂತ್ರಗಳೂ ಒಂದೇ ಥರ ಇಲ್ಲ. ಕಣ್ಣಿನಲ್ಲಿ ಏನೂ ಬದಲಾಗದಿದ್ದರೂ ಯಂತ್ರ ಬದಲಾದರೆ ದಪ್ಪದ ಅಂಕಿ ಹತ್ತಾರು ಮೈಕ್ರಾನ್ ಹೆಚ್ಚುಕಡಿಮೆ ಆಗಬಹುದು. ಬೇರೆ ಕಡೆ ಮಾಡಿಸಲೇಬೇಕಾಗಿ ಬಂದರೆ ಹಳೆಯ ಪ್ರಿಂಟು ಜೊತೆಗಿರಲಿ, ಯಾವ ಯಂತ್ರದ್ದು ಅಂತ ಅದರ ಮೂಲೆಯಲ್ಲೇ ಬರೆದಿರುತ್ತದೆ. ಮತ್ತೆ ಗದ್ದ ಇಟ್ಟು ಕೂತಾಗ, ಶುರು ಮಾಡುತ್ತೇವೆ ಅಂದ ಕೂಡಲೇ ಎರಡು ಸಲ ನಿಧಾನಕ್ಕೆ ರೆಪ್ಪೆ ಬಡಿಯಲು ಅಮ್ಮನಿಗೆ ಹೇಳಿ.